ರೋಬೋ ತಂಡದ ಮಕ್ಕಳು ಮುಂದೆ ಏನು ಓದ್ಬೇಕು? ಕೋಲಾರದ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಕೋಲಾರ ಜಿಲ್ಲೆಯವೇ ಜಾಸ್ತಿ, ಅದ್ರಲ್ಲೂ ಹೈಸ್ಕೂಲು ಮಕ್ಕಳ ರೋಬೋಟಿಕ್ಸ್ ತಂಡಗಳ ಬಗ್ಗೆ. ಅದಕ್ಕೇ ಇಡೀ ಅಂಕಣ ಅದಕ್ಕೇ ಮೀಸಲಿಟ್ಟಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ, ಮಕ್ಕಳು ಕೈಯಾರೆ ಮಾಡಿ ಕಲಿಯೋಕೆ ಅಂತ ಕೇಂದ್ರ ಸರ್ಕಾರ ಕೊಡೋ ಲ್ಯಾಬ್. ಹೋದ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳು ಒಂದು ತಂಡ ಕಟ್ಕೊಂಡು ಲೈನ್ ಫಾಲೋವರ್, ಅಂದ್ರೆ ನೆಲದ ಮೇಲಿನ ಗೆರೆ ಹಿಡ್ಕೊಂಡು ಹೋಗೋ ಗಾಡಿ ಮಾಡಿದ್ರು, ಆಮೇಲೆ ಎದುರಿಗೆ ಏನಾದ್ರೂ ಅಡ್ಡ ಬಂದ್ರೆ ತಪ್ಪಿಸ್ಕೊಂಡು ಹೋಗೋ ಗಾಡಿ ಮಾಡಿದ್ರು. ಈಗ ಅವ್ರೆಲ್ಲ ಹತ್ತನೇ ಕ್ಲಾಸು. ಎಸ್ಸೆಸ್ಸೆಲ್ಸಿ ಮುಗಿಯೋವರ್ಗೂ ಲ್ಯಾಬ್ ಕಡೆ ತಲೆ ಹಾಕ್ಬಾರ್ದು ಅಂತ ಹೆಡ್‌ಮಾಸ್ಟರೂ ಹೇಳ್ತಾರೆ, ಅಪ್ಪ ಅಮ್ಮಂದಿರೂ ಹೇಳ್ತಾರೆ. ಇದ್ರಿಂದ ಇಂಜಿನಿಯರಿಂಗ್ ಸೀಟೇನಾದ್ರೂ ಸಿಗುತ್ತಾ ಮೇಡಂ ಅಂತ ಕೇಳಿದ್ರೆ ನನಗೆ ಏನು ಹೇಳ್ಬೇಕೋ ಗೊತ್ತಾಗಲ್ಲ.

ಉತ್ತರ: ಮೇಡಂ, ಸೀಟಿನ ಮಾತು ಮೊದ್ಲೇ ಮುಗಿಸ್ಬಿಡೋಣ. ರೋಬೋ ಮಾಡಿದ್ದಕ್ಕೆ ಸಿಇಟಿಯಲ್ಲಿ ಒಂದು ಅಂಕವೂ ಇಲ್ಲ. ಇಂಜಿನಿಯರಿಂಗ್ ರ‍್ಯಾಂಕು ಬರೋದು ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ, ಅಷ್ಟೇ. ಇದನ್ನ ಪೋಷಕರ ಮೀಟಿಂಗಲ್ಲಿ ನೇರವಾಗಿ ಹೇಳ್ಬಿಡಿ. ಆಗ್ಲೇ ನೀವು ಮುಂದೆ ಹೇಳೋದನ್ನ ಅವ್ರು ನಂಬ್ತಾರೆ.

ಅದೇ ಮೀಟಿಂಗಲ್ಲಿ ಇನ್ನೊಂದು ವಿಷಯ ಹೇಳ್ಲೇಬೇಕು, ಇದನ್ನ ನಮ್ಮ ಕಡೆ ಯಾರೂ ಸರಿಯಾಗಿ ಹೇಳ್ತಿಲ್ಲ ಅನ್ನೋದೇ ನನ್ನ ಸಂಕಟ. ಸಿಇಟಿ ಸೀಟುಗಳಲ್ಲಿ ಒಂದರಿಂದ ಹತ್ತನೇ ಕ್ಲಾಸುವರೆಗೂ ಹಳ್ಳಿ ಕಡೆ ಓದಿದೋರಿಗೆ 15 ಪರ್ಸೆಂಟ್ ಗ್ರಾಮೀಣ ಮೀಸಲು ಇದೆ, ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲಿ ಓದಿದೋರಿಗೆ 5 ಪರ್ಸೆಂಟ್ ಇದೆ. ನಿಮ್ಮ ಮಕ್ಕಳಲ್ಲಿ ಸುಮಾರು ಜನಕ್ಕೆ ಎರಡೂ ಅನ್ವಯಿಸ್ಬಹುದು. ಆದ್ರೆ ಹತ್ತು ವರ್ಷದ ವ್ಯಾಸಂಗ ಪ್ರಮಾಣ ಪತ್ರ ಬೇಕು, ಅದಕ್ಕೆ ಬಿಇಓ ಸಹಿ ಬೇಕು, ಮಧ್ಯದಲ್ಲಿ ಶಾಲೆ ಬದಲಾಯಿಸಿದ್ರೆ ಆ ಶಾಲೆಯಿಂದಲೂ ತರ್ಬೇಕು. ಪಿಯುಸಿ ಮುಗಿದ್ಮೇಲೆ ಆ ಗಡಿಬಿಡೀಲಿ ಇದಕ್ಕೆ ಓಡಾಡೋಕೆ ಹೋಗಿ ಕೈಬಿಟ್ಟೋರು ಎಷ್ಟೋ ಜನ. ಹತ್ತನೇ ಕ್ಲಾಸು ಮುಗಿಯೋ ಹೊತ್ತಿಗೆ ನೀವೇ ಕೂತ್ಕೊಂಡು ಮಾಡಿಸ್ಕೊಟ್ರೆ ಆ ಮಕ್ಕಳಿಗೆ ಯಾವ ರೋಬೋ ಕಪ್ಪಿಗಿಂತ ದೊಡ್ಡ ಸಹಾಯ.

ಈಗ ಲ್ಯಾಬ್ ವಿಷಯ. ಹತ್ತನೇ ಕ್ಲಾಸಲ್ಲಿ ಸ್ಪರ್ಧೆ ಬೇಡ ಅನ್ನೋದನ್ನ ನಾನೂ ಒಪ್ತೀನಿ, ಯಾಕಂದ್ರೆ ಸ್ಪರ್ಧೆ ಅಂದ್ರೆ ವಾರಗಟ್ಟಲೆ ಮನಸ್ಸೆಲ್ಲ ಅಲ್ಲೇ ಇರುತ್ತೆ. ಆದ್ರೆ ಲ್ಯಾಬೇ ಬೇಡ ಅಂದ್ರೆ ತಪ್ಪು. ಹತ್ತನೇ ಕ್ಲಾಸಿನ ವಿದ್ಯುತ್ ಪಾಠ ತಗೊಳಿ, ಓಮ್ಸ್ ನಿಯಮ, ಸರಣಿ ಸಮಾಂತರ ಜೋಡಣೆ, ಇದೆಲ್ಲ ಆ ಮಕ್ಕಳು ಹೋದ ವರ್ಷ ಕೈಯಲ್ಲೇ ಮಾಡಿದಾರೆ. ಆರ್ಡುಯಿನೋ (ಗಾಡಿಗೆ ಮಿದುಳಿನ ಥರ ಇರೋ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು) ಕೊಡೋ 5 ವೋಲ್ಟಿಗೆ ಕೆಂಪು ಎಲ್‌ಇಡಿ ಹಾಕುವಾಗ 220 ಓಮ್ ರೆಸಿಸ್ಟರ್ ಯಾಕೆ ಅಂತ ಕೇಳಿ, ಎಲ್‌ಇಡಿ ಸುಮಾರು 2 ವೋಲ್ಟ್ ತಗೊಳುತ್ತೆ, ಉಳಿದ 3 ವೋಲ್ಟನ್ನ 220ರಿಂದ ಭಾಗಿಸಿದ್ರೆ 14 ಮಿಲಿಆಂಪಿಯರ್ ಹತ್ರ ಬರುತ್ತೆ ಅಂತ ಒಂದು ಮಗು ಬೋರ್ಡ್ ಮೇಲೆ ಮಾಡಿ ತೋರಿಸಿದ್ರೆ ಆ ಪಾಠ ಇಡೀ ಕ್ಲಾಸಿಗೆ ಅರ್ಥ ಆಯ್ತು ಅಂತ ಲೆಕ್ಕ. ಗಾಡಿ ಚಕ್ರದ ವ್ಯಾಸ 65 ಮಿಲಿಮೀಟರ್ ಇದ್ರೆ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತೆ, ಸುಮಾರು 204 ಮಿಲಿಮೀಟರ್, ಅದು ಪರಿಧಿಯ ಲೆಕ್ಕ. ಹೀಗೆ ಡಿಸೆಂಬರ್‌ವರ್ಗೂ ಶನಿವಾರ ಒಂದೊಂದು ಗಂಟೆ ಸಿಲಬಸ್ ಜೊತೆ ಹೊಂದಿಸ್ಕೊಂಡು ಲ್ಯಾಬಲ್ಲಿ ಕೂತ್ರೆ ಹೆಡ್‌ಮಾಸ್ಟ್ರಿಗೂ ಆಕ್ಷೇಪಣೆ ಇರಲ್ಲ ಅನ್ಸುತ್ತೆ. ಜನವರಿಯಿಂದ ಪೂರ್ತಿ ಪರೀಕ್ಷೆ ಕಡೆ.

ಆ ಶನಿವಾರಗಳಲ್ಲಿ ಅವ್ರಿಗೆ ಒಂದೇ ಒಂದು ಜವಾಬ್ದಾರಿ ಕೊಡಿ: ಈ ವರ್ಷದ ಒಂಬತ್ತನೇ ಕ್ಲಾಸಿಗೆ ತಂಡ ಒಪ್ಪಿಸೋದು. ಬಾಯಲ್ಲಿ ಹೇಳ್ಕೊಟ್ಟು ಬಿಟ್ರೆ ಆಗಲ್ಲ, ಪುಸ್ತಕದಲ್ಲಿ ಬರೆದು ಒಪ್ಪಿಸ್ಬೇಕು. ಯಾವ ದಿನ ಏನು ಕೆಟ್ಟಿತ್ತು, ಏನು ಅಂದ್ಕೊಂಡ್ವಿ, ಏನು ಅಳತೆ ಮಾಡಿದ್ವಿ, ಕೊನೆಗೆ ಏನಾಗಿತ್ತು. ಅಮೆರಿಕದ ಹೈಸ್ಕೂಲು ತಂಡಗಳು ಇದನ್ನ ಇಂಜಿನಿಯರಿಂಗ್ ನೋಟ್‌ಬುಕ್ ಅಂತ ಇಡ್ತಾವೆ, ಎಷ್ಟೋ ಸ್ಪರ್ಧೆಗಳಲ್ಲಿ ತೀರ್ಪುಗಾರರು ರೋಬೋ ಜೊತೆ ಇದನ್ನೂ ತೆರೆದು ನೋಡ್ತಾರೆ. ಕನ್ನಡದಲ್ಲೇ ಬರೀಲಿ, ಚಿತ್ರ ಬಿಡಿಸ್ಲಿ. ನರಸಾಪುರದಲ್ಲಿ ಹೋಂಡಾ ಫ್ಯಾಕ್ಟರಿ ಇದೆ, ಟಾಟಾದವ್ರ ಐಫೋನ್ ಫ್ಯಾಕ್ಟರಿ ಇದೆ, ಇಂಥಾ ಕಡೆ ಒಂದು ಲೈನ್ ನಿಂತ್ರೆ ಇಂಜಿನಿಯರ್ ಮಾಡೋದು ಇದೇ ಕೆಲಸ, ಏನಾಗಿರ್ಬಹುದು ಅಂತ ಊಹೆ ಮಾಡಿ ಅಳೆದು ಬರೆದು ಮುಂದಿನ ಶಿಫ್ಟಿನವ್ರಿಗೆ ಒಪ್ಪಿಸೋದು. ಈ ಅಭ್ಯಾಸ ಹದಿನಾಲ್ಕು ಹದಿನೈದು ವರ್ಷಕ್ಕೇ ಬಂದುಬಿಟ್ರೆ ಅದಕ್ಕಿಂತ ದೊಡ್ಡ ಲಾಭ ಈ ತಂಡದಿಂದ ಇನ್ನೇನಿದೆ?

ಒಂಬತ್ತನೇ ಕ್ಲಾಸಿನವ್ರಿಗೆ ಹೊಸ ಪ್ರಾಜೆಕ್ಟ್ ಬೇಕು ಅಂದ್ರೆ ನಿಮ್ಮ ಊರಲ್ಲೇ ರೇಷ್ಮೆ ಸಾಕಾಣಿಕೆ ಮನೆ ಇರುತ್ತೆ. ದೊಡ್ಡ ಹುಳಕ್ಕೆ 24-25 ಡಿಗ್ರಿ, 70 ಪರ್ಸೆಂಟ್ ತೇವ ಇರ್ಬೇಕು ಅಂತ ರೈತರಿಗೆ ಗೊತ್ತು. ಕಿಟ್ಟಲ್ಲಿ ಬರೋ ನೀಲಿ ಡಿಎಚ್‌ಟಿ11 ಸೆನ್ಸರ್ ತೇವಾಂಶದಲ್ಲಿ 5 ಪರ್ಸೆಂಟ್ ಆಚೆ ಈಚೆ ತೋರಿಸ್ಬಹುದು, ಅದನ್ನ ನಂಬ್ಕೊಂಡು ಫ್ಯಾನ್ ಹಾಕಿದ್ರೆ ಹುಳಕ್ಕೆ ಸರಿಯಾಗುತ್ತಾ ಅನ್ನೋ ಪ್ರಶ್ನೆಯಿಂದ ಶುರು ಮಾಡ್ಲಿ.

ಪ್ರಶ್ನೆ: ಸರ್, ನಾನು ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರಿಯೋನು. ಮಗ ಶಾಲೆ ರೋಬೋ ಟೀಮಲ್ಲಿ ಇದ್ದ, ಕೈಕೆಲಸ ಅಂದ್ರೆ ಪ್ರಾಣ. ಎಸ್ಸೆಸ್ಸೆಲ್ಸಿ ಆದ್ಮೇಲೆ ಡಿಪ್ಲೊಮಾ ಮಾಡ್ತೀನಿ ಅಂತಾನೆ. ನೆಂಟ್ರೆಲ್ಲ ಓದಕ್ಕೆ ಆಗ್ದೋರು ಹೋಗೋದು ಡಿಪ್ಲೊಮಾಗೆ, ಪಿಯುಸಿ ಸೈನ್ಸ್ ಹಾಕು ಅಂತಾರೆ. ಕೋಚಿಂಗ್ ಫೀಸು ಕಟ್ಟೋ ಶಕ್ತಿ ನನಗಿಲ್ಲ.

ಉತ್ತರ: ಯಜಮಾನ್ರೆ, ನೀವೇ ಲೆಕ್ಕ ಬರಿಯೋರು, ಈ ಲೆಕ್ಕ ನೋಡಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ, ಅಂದ್ರೆ ಡಿಪ್ಲೊಮಾ ಮುಗಿಸಿದೋರ ಸಿಇಟಿ ಬರೆದ್ರೆ ನೇರ ಬಿಇ ಎರಡನೇ ವರ್ಷಕ್ಕೆ, ಅಲ್ಲಿ ಮೂರು ವರ್ಷ, ಒಟ್ಟು ಅದೂ ಆರೇ. ಡಿಗ್ರಿಯೂ ಅದೇ ಡಿಗ್ರಿ. ವ್ಯತ್ಯಾಸ ಏನಂದ್ರೆ ಮೂರು ವರ್ಷಕ್ಕೆ ನಿಮ್ಮ ಮಗನ ಕೈಯಲ್ಲಿ ಕೆಲಸ ಸಿಗೋ ಒಂದು ಸರ್ಟಿಫಿಕೇಟ್ ಇರುತ್ತೆ, ಮನೇಲಿ ಕಷ್ಟ ಬಂದ್ರೆ ಅಲ್ಲಿ ನಿಂತು ದುಡೀಬಹುದು, ಅನುಕೂಲ ಇದ್ರೆ ಮುಂದಕ್ಕೆ ಹೋಗ್ಬಹುದು. ಪಿಯುಸಿ ಸೈನ್ಸಲ್ಲಿ ಎರಡು ವರ್ಷ ಆದ್ಮೇಲೆ ರ‍್ಯಾಂಕ್ ಸರಿಯಾಗಿ ಬರ್ದಿದ್ರೆ ಆ ಅನುಕೂಲ ಇರಲ್ಲ.

ಆದ್ರೆ ಒಂದು ಎಚ್ಚರಿಕೆ. ಡಿಪ್ಲೊಮಾದಲ್ಲಿ ಗಣಿತ ಕಮ್ಮಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಬಿಇ ಎರಡನೇ ವರ್ಷಕ್ಕೆ ಹೋದಾಗ ಡಿಪ್ಲೊಮಾದಿಂದ ಬಂದ ಮಕ್ಕಳು ಒದ್ದಾಡೋದು ಗಣಿತದಲ್ಲೇ. ಮೊದಲ ಸೆಮಿಸ್ಟರಿಂದಲೇ ಗಣಿತ ಗಟ್ಟಿ ಮಾಡ್ಕೊಳೋಕೆ ಹೇಳಿ.

ಕೋಲಾರದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಫೀಸು ನಿಮ್ಮ ಕೈಗೆ ನಿಲುಕುತ್ತೆ. ಹಾಗೇ ಕೋಲಾರದ ಜಿಟಿಟಿಸಿಗೂ (ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಒಂದ್ಸಲ ಮಗನನ್ನ ಕರ್ಕೊಂಡು ಹೋಗಿ ನೋಡ್ಕೊಂಡು ಬನ್ನಿ, ಅದೂ ಸರ್ಕಾರದ್ದೇ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ (ಫ್ಯಾಕ್ಟರಿಗೆ ಬೇಕಾದ ಅಚ್ಚು, ಉಪಕರಣ ಮಾಡೋ ವಿದ್ಯೆ) ಡಿಪ್ಲೊಮಾ ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಫ್ಯಾಕ್ಟರಿಯಲ್ಲಿ ಟ್ರೈನಿಂಗು. ಕೈಕೆಲಸ ಪ್ರಾಣ ಅನ್ನೋ ಹುಡುಗ ಆ ಮೆಷಿನ್ ಶಾಪ್ ನೋಡಿದ್ರೆ ಅವನ ಮುಖದಲ್ಲೇ ನಿಮಗೆ ಉತ್ತರ ಸಿಗುತ್ತೆ. ಐಟಿಐಯನ್ನೂ ಕೀಳಾಗಿ ನೋಡ್ಬೇಡಿ, ಎರಡು ವರ್ಷದ ಐಟಿಐ ಮುಗಿಸಿದೋರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರ್ಬಹುದು, ರಾಜ್ಯದ 150 ಸರ್ಕಾರಿ ಐಟಿಐಗಳನ್ನ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದಾರೆ, ರೋಬೋ ಮೆಷಿನ್‌ಗಳು ಅಲ್ಲಿಗೂ ಬಂದಿವೆ.

ಬ್ರಾಂಚ್ ಯಾವುದು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ರೋಬೋಟಿಕ್ಸ್ ಅಂತ ಬೋರ್ಡ್ ಹಾಕಿರೋ ಕೋರ್ಸೇ ಬೇಕು ಅಂತ ಊರೂರು ಹುಡುಕೋದು ಬೇಡ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕಾಟ್ರಾನಿಕ್ಸ್, ಕಂಪ್ಯೂಟರ್, ಯಾವುದ್ರಿಂದ ಹೋದ್ರೂ ರೋಬೋ ಕೆಲಸಕ್ಕೆ ಸೇರ್ಬಹುದು. ಟೀಮಲ್ಲಿ ನಿಮ್ಮ ಮಗ ಯಾವ ಕೆಲಸಕ್ಕೆ ಊಟ ಮರೆತು ಕೂರ್ತಿದ್ದ ಅಂತ ಅವನ ಸ್ನೇಹಿತರನ್ನ ಕೇಳಿ, ಬ್ರಾಂಚ್ ಅಲ್ಲೇ ಇದೆ.

ಪ್ರಶ್ನೆ: ಅಣ್ಣಾ, ನಾನು ಮಾಲೂರು, ಒಂಬತ್ತನೇ ಕ್ಲಾಸು. ನಮ್ಮ ಗಾಡಿ ಯುಎಸ್‌ಬಿ ವೈರ್ ಹಾಕಿ ಎತ್ತಿ ಹಿಡ್ಕೊಂಡ್ರೆ ಸೂಪರಾಗಿ ತಿರುಗುತ್ತೆ, ನೆಲಕ್ಕೆ ಬಿಟ್ಟು 9 ವೋಲ್ಟ್ ಬ್ಯಾಟರಿ ಹಾಕಿದ್ರೆ ಎರಡು ಸಲ ಜರುಗಿ ಆರ್ಡುಯಿನೋ ಆಫ್ ಆಗಿ ಮತ್ತೆ ಆನ್ ಆಗುತ್ತೆ. ಅಲ್ಟ್ರಾಸಾನಿಕ್ ಸೆನ್ಸರ್ ಆವಾಗಾವಾಗ 0 ತೋರಿಸುತ್ತೆ, ಮುಂದೆ ಏನೂ ಇಲ್ದೆ ಇದ್ರೂ ಗಾಡಿ ನಿಂತ್ಬಿಡುತ್ತೆ. ಕೋಡ್ ಮೂರು ಸಲ ಬದಲಾಯಿಸಿದ್ವಿ. ಬೋರ್ಡ್ ಹೋಗಿದೆಯಾ?

ಉತ್ತರ: ಬೋರ್ಡ್ ಹೋಗಿಲ್ಲ ತಮ್ಮಾ, ಸಮಾಧಾನ. ಮೊದ್ಲು ಕೋಡ್ ಮುಟ್ಟೋದು ನಿಲ್ಸು. ಎತ್ತಿ ಹಿಡಿದಾಗ ಓಡುತ್ತೆ, ನೆಲದ ಮೇಲೆ ಓಡಲ್ಲ ಅಂದ್ರೆ ಕೋಡ್ ಎರಡೂ ಕಡೆ ಒಂದೇ ಅಲ್ವಾ, ಬದಲಾಗಿರೋದು ಭಾರ ಮತ್ತೆ ಬ್ಯಾಟರಿ.

ಆ ಚೌಕದ 9 ವೋಲ್ಟ್ ಬ್ಯಾಟರಿ ಮಲ್ಟಿಮೀಟರ್, ಸ್ಮೋಕ್ ಅಲಾರಂ ಥರದ ಕಮ್ಮಿ ಕರೆಂಟ್ ಸಾಕಾಗೋ ಸಾಮಾನಿಗೆ ಮಾಡಿರೋದು. ಅದರ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ. ಮೋಟರ್ ನಿಂತಲ್ಲಿಂದ ಹೊರಡೋ ಕ್ಷಣದಲ್ಲಿ ಓಡುವಾಗ ಬೇಕಾಗೋದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತೆ, ಎರಡು ಮೋಟರ್ ಒಟ್ಟಿಗೆ ಎಳೆದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತೆ, ಅದೇ ಬ್ಯಾಟರಿಯಿಂದ ಬದುಕ್ತಿರೋ ಆರ್ಡುಯಿನೋ ರೀಸೆಟ್ ಆಗುತ್ತೆ. ನಮ್ಮೂರ ಕಡೆ ಬೋರ್‌ವೆಲ್ ಮೋಟರ್ ಹಾಕಿದ ತಕ್ಷಣ ಮನೆ ಬಲ್ಬ್ ಮಂಕಾಗುತ್ತಲ್ಲ, ಅದೇ ಕಥೆ.

ನನ್ನ ಮಾತು ನಂಬ್ಕೊಂಡು ಬ್ಯಾಟರಿ ಬದಲಾಯಿಸ್ಬೇಡ, ಅಳೆದು ನೋಡು. ಮಲ್ಟಿಮೀಟರನ್ನ ಡಿಸಿ ವೋಲ್ಟಿಗೆ ಇಟ್ಟು ಬ್ಯಾಟರಿ ಎರಡು ತುದಿಗೆ ಹಿಡಿ, ಸ್ನೇಹಿತನಿಗೆ ಗಾಡಿ ಆನ್ ಮಾಡೋಕೆ ಹೇಳು. ಹೊರಡೋ ಹೊತ್ತಿಗೆ ಅಂಕಿ ಧಡಕ್ಕಂತ ಇಳಿದ್ರೆ ಕಳ್ಳ ಸಿಕ್ಕ. ಆ ಅಂಕಿ ಪುಸ್ತಕದಲ್ಲಿ ಬರ್ಕೊ. ಆಮೇಲೆ 18650 ಅನ್ನೋ ಚಾರ್ಜ್ ಮಾಡ್ಬಹುದಾದ ಸೆಲ್ ಎರಡು ಹೋಲ್ಡರಲ್ಲಿ ಸರಣಿಯಾಗಿ ಹಾಕು, ಒಂದೊಂದು 3.7 ವೋಲ್ಟ್, ಎರಡು ಸೇರಿ 7.4, ಫುಲ್ ಚಾರ್ಜ್ ಇದ್ರೆ 8.4. ಮೋಟರಿಗೆ ಕರೆಂಟ್ ಕೊಡೋ ಬೋರ್ಡು, ಅಂದ್ರೆ ನಿಮ್ಮ ಮೋಟರ್ ಡ್ರೈವರ್ ಎಲ್298ಎನ್ ಆಗಿದ್ರೆ ಅದು ತನ್ನಲ್ಲೇ ಸುಮಾರು 2 ವೋಲ್ಟ್ ತಿಂದ್ಕೊಳುತ್ತೆ, ಮೋಟರಿಗೆ ಸಿಗೋದು ಐದೂವರೆ ಆರು ವೋಲ್ಟು, ಹಳದಿ ಬಿಓ ಮೋಟರಿಗೆ ಅದು ಸರಿ. ಡ್ರೈವರ್ ಗ್ರೌಂಡೂ ಆರ್ಡುಯಿನೋ ಗ್ರೌಂಡೂ ಒಂದಕ್ಕೊಂದು ಸೇರಿರ್ಲೇಬೇಕು, ಇದನ್ನ ಬಹಳ ಮಕ್ಕಳು ಮರೀತಾರೆ.

ಈ ಸೆಲ್‌ಗಳ ಜೊತೆ ಆಟ ಬೇಡ. ಲಿಥಿಯಂ ಅದು, ತುದಿ ಎರಡೂ ತಾಗಿದ್ರೆ ಬೆಂಕಿ ಹೊತ್ಕೊಳುತ್ತೆ. ಗುಜರಿಯಲ್ಲಿ ಸಿಗೋ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಸೆಲ್ ಖಂಡಿತಾ ಬೇಡ, ಅದಕ್ಕೇ ಅಂತ ಇರೋ ಚಾರ್ಜರಲ್ಲೇ ಚಾರ್ಜ್ ಮಾಡ್ಬೇಕು, ಮೇಷ್ಟ್ರು ಎದುರಿಗಿದ್ದಾಗ ಮಾತ್ರ. ಬೆಂಗಳೂರು ಎಸ್‌ಪಿ ರೋಡಿಗೆ ಮೇಷ್ಟ್ರು ಯಾರಾದ್ರೂ ಹೋದಾಗ ಒಳ್ಳೇ ಸೆಲ್, ಹೋಲ್ಡರ್, ಚಾರ್ಜರ್ ಮೂರೂ ಒಟ್ಟಿಗೆ ತರೋಕೆ ಹೇಳು.

ಈಗ 0 ಬರೋದು. ನಿಮ್ಮ ಕೋಡಲ್ಲಿ ಪಲ್ಸ್‌ಇನ್ ಅಂತ ಒಂದು ಫಂಕ್ಷನ್ ಇರುತ್ತೆ ನೋಡು. ಸೆನ್ಸರ್ ಕಡೆಯಿಂದ ಕಾಯ್ತಿದ್ದ ಸಿಗ್ನಲ್ ಟೈಮಿನೊಳಗೆ ಬರ್ಲಿಲ್ಲ ಅಂದ್ರೆ ಅದು 0 ಅಂತ ಹೇಳುತ್ತೆ. ಎಚ್‌ಸಿ-ಎಸ್‌ಆರ್04 ಸೆನ್ಸರ್ ನೋಡೋದು 2 ಸೆಂಟಿಮೀಟರಿಂದ 4 ಮೀಟರ್‌ವರ್ಗೆ, ಎದುರಿಗೆ ಏನೂ ಇಲ್ಲ ಅಥವಾ ಗೋಡೆ ಓರೆಯಾಗಿದೆ ಅಂದ್ರೆ ಶಬ್ದ ವಾಪಸ್ ಬರಲ್ಲ. ಅಲ್ಲಿಗೆ 0 ಅಂದ್ರೆ ‘ಏನೂ ಕೇಳಿಸ್ಲಿಲ್ಲ’ ಅಂತ ಅರ್ಥ, ನಿಮ್ಮ ಕೋಡ್ ಅದನ್ನ ‘ಸೊನ್ನೆ ಸೆಂಟಿಮೀಟರ್ ದೂರದಲ್ಲಿ ಗೋಡೆ ಇದೆ’ ಅಂತ ತಿಳ್ಕೊಂಡು ಗಾಡಿ ನಿಲ್ಸ್ತಿದೆ. 0 ಬಂದ್ರೆ ಬೇರೇ ದಾರಿ ಅಂತ ಒಂದು ಇಫ್ ಬರಿ. ಬ್ಯಾಟರಿ ಸರಿ ಮಾಡಿದ ಮೇಲೆ ಮಾಡು ಇದನ್ನ, ಎರಡೂ ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಸರಿಯಾಯ್ತು ಅಂತ ನಿನಗೇ ಗೊತ್ತಾಗಲ್ಲ.

ಪ್ರಶ್ನೆ: ಕೆಜಿಎಫ್‌ನಿಂದ ಬರೀತಿದೀನಿ, ಒಂಬತ್ತನೇ ಕ್ಲಾಸ್ ಹುಡುಗಿ. ನಮ್ಮ ಟೀಮಲ್ಲಿ ಆರು ಜನ, ಇಬ್ರು ಹುಡುಗೀರು. ಚಾರ್ಟ್ ಬರಿಯೋದು, ಸ್ಟೇಜ್ ಮೇಲೆ ಮಾತಾಡೋದು ನಮಗೆ, ವೈರಿಂಗು ಕೋಡಿಂಗು ಹುಡುಗ್ರಿಗೆ. ನಾನು ಮುಂದೆ ಇಂಜಿನಿಯರ್ ಆಗ್ಬೇಕು. ಸರ್‌ಗೆ ಹೇಗೆ ಕೇಳೋದು?

ಉತ್ತರ: ಪುಟ್ಟಿ, ನೀನು ಕೇಳ್ಬೇಕಾಗಿ ಬಂದಿದ್ದೇ ನನಗೆ ಬೇಜಾರು. ಚೆನ್ನಾಗಿ ಮಾತಾಡೋದು ಬೇಕಾದ ವಿದ್ಯೆನೇ, ಆದ್ರೆ ತಾನು ಜೋಡಿಸದೇ ಇರೋ ಯಂತ್ರದ ಬಗ್ಗೆ ಸ್ಟೇಜ್ ಮೇಲೆ ನಿಂತು ಮಾತಾಡು ಅಂದ್ರೆ ಅದು ನಿನಗೂ ಅನ್ಯಾಯ, ನಿಮ್ಮ ಟೀಮಿಗೂ ನಷ್ಟ. ತೀರ್ಪುಗಾರರು ಈ ವೈರ್ ಯಾಕೆ ಇಲ್ಲಿಗೆ ಬಂದಿದೆ ಅಂತ ಕೇಳಿದ್ರೆ ಮೈಕ್ ಹಿಡಿದೋರು ಹುಡುಗ್ರ ಮುಖ ನೋಡ್ಬೇಕಾಗುತ್ತೆ. ನಿಮ್ಮ ಸರ್‌ಗೆ ಇದನ್ನೇ ಕಾರಣ ಕೊಡು, ‘ಸರ್, ನಾವು ಜೋಡಿಸಿದ್ರೆ ಪ್ರಶ್ನೆಗೆ ಉತ್ತರ ಚೆನ್ನಾಗಿ ಕೊಡ್ತೀವಿ, ಎರಡು ವಾರಕ್ಕೊಂದ್ಸಲ ಎಲ್ರ ಕೆಲಸ ಬದಲಾಯಿಸಿ’ ಅಂತ. ಒಬ್ಳೇ ಹೋಗ್ಬೇಡ, ಇಬ್ರೂ ಹೋಗಿ. ಹುಡುಗ್ರೂ ಚಾರ್ಟ್ ಬರೀಲಿ, ಬರವಣಿಗೆ ಅವ್ರಿಗೂ ಬೇಕು.

ಕಿಟ್ ಕೈಗೆ ಸಿಗೋವರ್ಗೂ ಸುಮ್ನೆ ಕೂರ್ಬೇಡ. ಟಿಂಕರ್‌ಕ್ಯಾಡ್ ಅಂತ ಇದೆ, ಫ್ರೀ, ಬ್ರೌಸರಲ್ಲೇ ಆರ್ಡುಯಿನೋ ಇಟ್ಟು ವೈರ್ ಎಳೆದು ಕೋಡ್ ಬರೆದು ಓಡಿಸಿ ನೋಡ್ಬಹುದು, ತಪ್ಪು ಜೋಡಿಸಿದ್ರೂ ಏನೂ ಸುಡಲ್ಲ. ಶಾಲೆ ಕಂಪ್ಯೂಟರಲ್ಲಿ ಕೂತು ಮಾಡು. ನಿಮ್ಮೂರಿಗೆ ಶಿವನಸಮುದ್ರದಿಂದ ಕರೆಂಟ್ ತಂದು ಗಣಿ ಯಂತ್ರ ಓಡಿಸಿದ್ದು 1902ರಲ್ಲಿ, ಬೆಂಗಳೂರು ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ. ಈಗ್ಲೂ ಭಾರಿ ಯಂತ್ರ ಮಾಡೋ ಬಿಇಎಂಎಲ್ ಫ್ಯಾಕ್ಟರಿ ಅಲ್ಲೇ ಇದೆ. ಯಂತ್ರದ ಕೆಲಸ ನಿಮ್ಮೂರಿಗೆ ಹೊಸದಲ್ಲ, ಆ ಕೆಲಸದಲ್ಲಿ ಹೆಣ್ಣುಮಕ್ಕಳಿಗೂ ಜಾಗ ಬೇಕು ಅಂತ ಕೇಳೋದು ದೊಡ್ಡ ಮಾತೇನಲ್ಲ, ಧೈರ್ಯವಾಗಿ ಕೇಳು.

ಪ್ರಶ್ನೆ: ಕನ್ನಡ ಮೀಡಿಯಂ ಮಕ್ಕಳು ಜೆಇಇ ಬರಿಯೋಕೆ ಆಗುತ್ತಾ? (ಶ್ರೀನಿವಾಸಪುರ)

ಉತ್ತರ: ಆಗುತ್ತೆ. ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ, ಅರ್ಜಿ ಹಾಕುವಾಗ ಭಾಷೆ ಆರಿಸ್ಕೋಬೇಕು. ಆದ್ರೆ ಓದೋ ಪುಸ್ತಕ ಬಹುಪಾಲು ಇಂಗ್ಲಿಷಲ್ಲೇ ಸಿಗೋದ್ರಿಂದ ಒಂಬತ್ತನೇ ಕ್ಲಾಸಿಂದಲೇ ವಿಜ್ಞಾನದ ಪದಗಳನ್ನ ಎರಡೂ ಭಾಷೇಲಿ ಕಲಿಸ್ತಾ ಬನ್ನಿ.

ಪ್ರಶ್ನೆ: ನಾನು ನರಸಾಪುರದ ಒಂದು ಕಂಪನಿಯಲ್ಲಿ ಆಟೋಮೇಷನ್ ಇಂಜಿನಿಯರ್, ಊರು ಬಂಗಾರಪೇಟೆ ಹತ್ರ. ನಾನು ಓದಿದ ಸರ್ಕಾರಿ ಹೈಸ್ಕೂಲಿಗೆ ಏನಾದ್ರೂ ಮಾಡ್ಬೇಕು ಅಂತಿದೆ. ಒಂದು ಒಳ್ಳೇ ರೋಬೋ ಕಿಟ್ ಕೊಡಿಸ್ಲಾ?

ಉತ್ತರ: ಕಿಟ್ ಆಮೇಲೆ, ಮೊದ್ಲು ನೀವು ಹೋಗಿ. ಅಮೆರಿಕದಲ್ಲಿ ಡೀನ್ ಕೇಮನ್ ಅನ್ನೋರು 1989ರಲ್ಲಿ ಫಸ್ಟ್ ಅಂತ ಸಂಸ್ಥೆ ಶುರು ಮಾಡಿ 1992ರಲ್ಲಿ ಹೈಸ್ಕೂಲು ಮಕ್ಕಳಿಗೆ ಮೊದಲ ರೋಬೋ ಸ್ಪರ್ಧೆ ಇಟ್ಟಾಗ ನ್ಯೂ ಹ್ಯಾಂಪ್‌ಶೈರ್‌ನ ಒಂದು ಹೈಸ್ಕೂಲು ಜಿಮ್ಮಿನಲ್ಲಿ ಸೇರಿದ್ದು 28 ತಂಡ. ಅದು ಇವತ್ತು ಇಷ್ಟು ದೊಡ್ಡದಾಗಿ ಬೆಳೆದಿದ್ದಕ್ಕೆ ಮುಖ್ಯ ಕಾರಣ ಕೆಲಸ ಮಾಡೋ ಇಂಜಿನಿಯರುಗಳು ಬಂದು ಮಕ್ಕಳ ಪಕ್ಕದಲ್ಲಿ ಕೂತಿದ್ದು ಅಂತ ನಾನು ನಂಬ್ತೀನಿ. ನಮ್ಮಲ್ಲಿ ಅಟಲ್ ಲ್ಯಾಬ್ ಸಿಕ್ಕಿದ ಶಾಲೆಗೆ ಶುರು ಮಾಡೋಕೆ 10 ಲಕ್ಷ, ಐದು ವರ್ಷದವರ್ಗೆ ನಡೆಸೋಕೆ ಅಂತ 10 ಲಕ್ಷದವರ್ಗೆ ಅನುದಾನ, ಸಾಮಾನಿಗೆ ಅಂಥಾ ಕೊರತೆ ಇಲ್ಲ. ಎಷ್ಟೋ ಕಡೆ ಸಾಮಾನು ಹಾಳಾಗುತ್ತೆ ಅನ್ನೋ ಭಯಕ್ಕೆ ಬೀಗ ಹಾಕಿಟ್ಟಿರ್ತಾರೆ, ಹಾಳಾದ್ರೆ ರಿಪೇರಿ ಮಾಡ್ಕೊಡ್ತೀನಿ ಅನ್ನೋ ಒಬ್ಬ ಮನುಷ್ಯ ಇದ್ರೆ ಬೀಗ ತೆಗೀತಾರೆ. ಆ ಮನುಷ್ಯ ನೀವಾಗಿ. ನಿಮ್ಮ ಶಾಲೇಲಿ ಲ್ಯಾಬ್ ಇಲ್ದಿದ್ರೆ ಹತ್ರ ಯಾವ ಶಾಲೇಲಿ ಇದೆ ವಿಚಾರಿಸಿ, ಅಕ್ಕಪಕ್ಕದ ಶಾಲೆ ಮಕ್ಕಳನ್ನೂ ಸೇರಿಸ್ಕೊಳೋದು ಆ ಯೋಜನೆಯ ಆಶಯಾನೇ.

ಹೆಡ್‌ಮಾಸ್ಟ್ರಿಗೂ ಎಸ್‌ಡಿಎಂಸಿಗೂ ಒಂದು ಪತ್ರ ಕೊಡಿ, ತಿಂಗಳಿಗೆ ಎರಡು ಶನಿವಾರ ಅಂತ ಹೇಳಿ, ಹೇಳಿದ್ಮೇಲೆ ತಪ್ಪಿಸ್ಬೇಡಿ. ಮಕ್ಕಳು ಒದ್ದಾಡ್ತಿದ್ರೆ ಕೈ ಕಟ್ಕೊಂಡು ನೋಡೋ ತಾಳ್ಮೆ ಇರ್ಲಿ, ನೀವೇ ಸ್ಕ್ರೂಡ್ರೈವರ್ ತಗೊಂಡು ಮಾಡ್ಕೊಟ್ರೆ ಅದು ನಿಮ್ಮ ರೋಬೋ ಆಗುತ್ತೆ. ದುಡ್ಡು ಬೇಕಾದ್ರೆ ನಿಮ್ಮ ಕಂಪನಿಯಲ್ಲಿ ಸಿಎಸ್‌ಆರ್, ಅಂದ್ರೆ ಸಮಾಜದ ಕೆಲಸಕ್ಕೆ ಇಡೋ ದುಡ್ಡು ನೋಡ್ಕೊಳೋರನ್ನ ಕೇಳಿ, 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಇದಕ್ಕೆ ಖರ್ಚು ಮಾಡ್ಬೇಕು, ಶಿಕ್ಷಣ ಅದ್ರಲ್ಲಿ ಬರುತ್ತೆ. ಕೇಳುವಾಗ ಫಳಫಳ ಹೊಳೆಯೋ ಕಿಟ್ ಕೇಳ್ಬೇಡಿ, ನಾಲ್ಕು ಮಲ್ಟಿಮೀಟರ್, ಸಾಲ್ಡರಿಂಗ್ ಐರನ್ನು, ಬೆಸುಗೆ ಹಾಕೋ ಸೀಸದ ತಂತಿ, ಸೆಲ್ಲು, ಜಂಪರ್ ವೈರು, ಇವೇ ಮೊದ್ಲು ಕೆಡೋದು, ಖಾಲಿಯಾಗೋದು.

ವರ್ಷಕ್ಕೊಂದ್ಸಲ ಮಕ್ಕಳಿಗೆ ಪ್ಲಾಂಟ್ ಒಳಗೆ ಕರ್ಕೊಂಡು ಹೋಗಿ ತೋರಿಸೋಕೆ ಪರ್ಮಿಷನ್ ಸಿಗುತ್ತಾ ನೋಡಿ. ಮತ್ತೆ ಶಾಲೆಗೆ ಬರುವಾಗ ಸಾಧ್ಯವಾದ್ರೆ ನಿಮ್ಮ ಲೈನಲ್ಲಿ ಡಿಪ್ಲೊಮಾ ಓದಿ ಬಂದಿರೋ ಒಬ್ಬ ಮೇಂಟೆನೆನ್ಸ್ ಟೆಕ್ನಿಷಿಯನ್ನೂ, ಹೆಣ್ಣುಮಗಳು ಇದ್ರೆ ಅವ್ರನ್ನೂ ಜೊತೆಗೆ ಕರ್ಕೊಂಡು ಬನ್ನಿ. ಅವ್ರು ಬೆಳಿಗ್ಗೆಯಿಂದ ಸಂಜೆವರ್ಗೂ ಏನು ಕೆಲಸ ಮಾಡ್ತಾರೆ, ಯಾವ ಶಾಲೇಲಿ ಓದಿದ್ರು, ಸಂಬಳ ಎಷ್ಟರಿಂದ ಶುರುವಾಯ್ತು ಅಂತ ಮಕ್ಕಳೇ ಕೇಳ್ಲಿ, ಪೋಷಕರನ್ನೂ ಆವತ್ತು ಕರೆಸಿ.